ದರೆಯ ಮೇಲಿನ ಓಟಿಪಿ

"ಭದ್ರತೆಯ ಕಾರಣದಿಂದ ಈ ಪಾವತಿಯನ್ನು ಪೂರ್ಣಗೊಳಿಸಲಾಗಲಿಲ್ಲ." ಆನ್‌ಲೈನ್‌ನಲ್ಲಿ ಏನನ್ನಾದರೂ ಕೊಂಡವರು ಒಂದಲ್ಲ ಒಂದು ಸಲ ಈ ವಾಕ್ಯವನ್ನೋ ಇದರ ಇಂಗ್ಲಿಷ್ ರೂಪವನ್ನೋ ಓದಿಯೇ ಇರುತ್ತಾರೆ. ಯಾರ ಭದ್ರತೆ, ಯಾವ ಕಾರಣ, ಇನ್ನು ಮುಂದೆ ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಖಾತೆಯಲ್ಲಿ ದುಡ್ಡಿದೆ, ಕಾರ್ಡು ನಮ್ಮದೇ, ಕೊಳ್ಳುವ ವಸ್ತು ನಮಗೇ ಬೇಕಾದದ್ದು. ಆದರೂ ಎಲ್ಲೋ ಇರುವ ಒಂದು ಯಂತ್ರಕ್ಕೆ ನಮ್ಮ ಮೇಲೆ ಅನುಮಾನ ಬಂದುಬಿಟ್ಟಿದೆ. ಅಂಗಡಿಯವರು ಅನುಮಾನಪಟ್ಟರೆ ಎದುರು ನಿಂತು "ಯಾಕ್ರೀ, ಏನಾಯ್ತು?" ಎಂದು ಕೇಳಬಹುದು. ಇಲ್ಲಿ ಕೇಳುವುದಕ್ಕೆ ಯಾರೂ ಇಲ್ಲ. ನನಗೆ ಸಿಟ್ಟು ಬರುವುದು ತಪಾಸಣೆಯ ಮೇಲಲ್ಲ, ಅದರ ಈ ಮೌನದ ಮೇಲೆ. ಅಪ್ಪಯ್ಯ ದೋಟಿ ಕೊಳ್ಳಲು ಹೊರಟ ವರ್ಷ ಆ ಮೌನ ಎಷ್ಟು ದುಬಾರಿ ಎಂದು ಗೊತ್ತಾಯಿತು.

ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನ ಒಂದು ಮೂಲೆಯಲ್ಲಿ. ಅಡಿಕೆ ತೋಟ. ಮುಂಗಾರು ಹಿಡಿಯುವ ಮುಂಚೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು, ಇಲ್ಲದಿದ್ದರೆ ಕೊಳೆರೋಗ ಕಟ್ಟಿಟ್ಟದ್ದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಅಧ್ಯಯನ ಪ್ರಕಟಿಸಿದ ಕಾಲದಿಂದ ಮಲೆನಾಡಿನ ತೋಟಗಳನ್ನು ಕಾದುಕೊಂಡು ಬಂದಿರುವ ಔಷಧಿ ಅದೇ. ಔಷಧಿ ಬದಲಾಗಿಲ್ಲ, ಆದರೆ ಮರ ಹತ್ತಿ ಹೊಡೆಯುವವರು ಸಿಗುವುದಿಲ್ಲ. ಹಾಗಾಗಿ ಈಗ ನೆಲದ ಮೇಲೆ ನಿಂತೇ ಅರವತ್ತಡಿ ಎತ್ತರದ ಕೊನೆಗೆ ಮುಟ್ಟಿಸುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಒಂದರೊಳಗೊಂದು ಸೇರಿಕೊಳ್ಳುವ ಹಗುರವಾದ ಕೊಳವೆಗಳು, ತುದಿಯಲ್ಲಿ ನಾಜಲ್. ಬೆಲೆ ಹತ್ತಾರು ಸಾವಿರ. ಎಪ್ಪತ್ತು ದಾಟಿದ ಅಪ್ಪಯ್ಯ ಬೇಸಿಗೆಯಿಡೀ ವಿಡಿಯೊ ನೋಡಿ, ನೆಂಟರ ತೋಟದಲ್ಲಿ ಒಂದನ್ನು ಕೈಯಲ್ಲಿ ಹಿಡಿದು ತೂಗಿ, ಮಾರುವವರ ಜೊತೆ ಫೋನಿನಲ್ಲಿ ಮಾತಾಡಿ, ಅವರ ವೆಬ್‌ಸೈಟಿನಲ್ಲಿ ತಾವೇ ಆರ್ಡರ್ ಹಾಕುತ್ತೇನೆಂದು ಕೂತರು. ರೋಹಿಣಿ ನಕ್ಷತ್ರ ಶುರುವಾಗಿತ್ತು. ಮೃಗಶಿರಾ ಮಳೆ ಜೋರಾಗುವುದರೊಳಗೆ ದೋಟಿ ಬಂದು ಮೊದಲ ಔಷಧಿ ಮುಗಿಯಬೇಕಿತ್ತು.

ಮೊದಲ ತೊಡಕು ಕಾರ್ಡಿನದು. ಒಂದು ಸಲವೂ ಆನ್‌ಲೈನ್‌ನಲ್ಲಿ ಬಳಸದ ಕಾರ್ಡುಗಳಿಗೆ ಆ ಸೌಲಭ್ಯವನ್ನು ಮುಚ್ಚಬೇಕೆಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೇಳಿತು. ಒಳ್ಳೆಯ ನಿಯಮವೇ. ಎಟಿಎಂ ಬಿಟ್ಟು ಬೇರೆಲ್ಲೂ ಉಜ್ಜದ ಕಾರ್ಡನ್ನು ಯಾರೋ ದೂರದ ಊರಿನವರು ಬಳಸುವಂತಾಗಬಾರದು. ಅಪ್ಪಯ್ಯ ಬಸ್ಸು ಹತ್ತಿ ಶಾಖೆಗೆ ಹೋಗಿ, ಅರ್ಜಿ ಬರೆದುಕೊಟ್ಟು, ಅದನ್ನು ತೆರೆಸಿಕೊಂಡು ಬಂದರು. ಯುಪಿಐ ಯಾಕೆ ಬೇಡ ಎಂದು ಕೇಳಿದೆ. ಅದನ್ನು ಆಗಷ್ಟೇ ಹೊಸ ಫೋನಿನಲ್ಲಿ ಹಾಕಿಕೊಂಡಿದ್ದರು. ಹೊಸದಾಗಿ ನೋಂದಾಯಿಸಿದ ಮೊದಲ 24 ಗಂಟೆ 5,000 ರೂಪಾಯಿಗಿಂತ ಹೆಚ್ಚು ಕಳಿಸಲಾಗುವುದಿಲ್ಲ. ಅದೂ ಸರಿಯಾದ ಕಟ್ಟಳೆಯೇ, ಸಿಮ್ ಕದ್ದವರ ಕೈ ಕಟ್ಟಲು ಮಾಡಿದ್ದು. ಕಾರ್ಡೇ ಇದೆಯಲ್ಲ ಎಂದು ಅಪ್ಪಯ್ಯ ಕಾರ್ಡಿಗೇ ಹೊರಟರು.

ಎರಡನೆಯದು ಸಿಗ್ನಲ್ಲು. ನಮ್ಮ ಮನೆಗೆ ಬಿಎಸ್‌ಎನ್‌ಎಲ್ ಫೈಬರ್ ಬಂದಿದೆ. ಜಗಲಿಯಲ್ಲಿ ಕೂತರೆ ವೈಫೈ ಚೆನ್ನಾಗಿ ಸಿಗುತ್ತದೆ, ಮೊಮ್ಮಕ್ಕಳ ವಿಡಿಯೊ ಕಾಲ್ ಕಡಿಯುವುದಿಲ್ಲ. ಆದರೆ ಮೊಬೈಲ್ ಸಿಗ್ನಲ್ ಮನೆಯೊಳಗೆ ಇಲ್ಲ. ಕೊಟ್ಟಿಗೆಯ ಹಿಂದಿನ ದರೆ ಹತ್ತಿ ಗೇರುಮರದ ಪಕ್ಕ ನಿಂತರೆ ಎರಡು ಕಡ್ಡಿ ತೋರಿಸುತ್ತದೆ. ಆ ಎರಡು ಕಡ್ಡಿಯಲ್ಲಿ ಮಾತು, ಎಸ್‌ಎಂಎಸ್ ನಡೆಯುತ್ತದೆ, ಇಂಟರ್‌ನೆಟ್ ನಡೆಯುವುದಿಲ್ಲ. ವೈಫೈ ದರೆಯ ತನಕ ಹೋಗುವುದಿಲ್ಲ. ವೈಫೈ ಮೂಲಕವೇ ಕರೆ, ಎಸ್‌ಎಂಎಸ್ ಬರಿಸುವ ಫೋನುಗಳಿವೆ ನಿಜ, ಆದರೆ ಅದಕ್ಕೆ ಫೋನೂ ಸಿಮ್ಮೂ ಎರಡೂ ಒಗ್ಗಬೇಕು. ಮಲೆನಾಡಿನಲ್ಲಿ ಇದು ನಮ್ಮೊಬ್ಬರ ಮನೆಯ ಕತೆಯಲ್ಲ. ನೆಲದ ಕೇಬಲ್ಲು ಬಂದು ಗಾಳಿಯ ಸಿಗ್ನಲ್ಲು ಬಾರದ ಮನೆಗಳು ಕಣಿವೆ ಕಣಿವೆಯಲ್ಲೂ ಇವೆ. ಹಣ ಕಟ್ಟುವ ಪುಟ ತೆರೆಯುವುದು ಜಗಲಿಯಲ್ಲಿ, ಓಟಿಪಿ ಇಳಿಯುವುದು ದರೆಯ ಮೇಲೆ. ಪುಟದ ಮೂಲೆಯಲ್ಲಿ ಸೆಕೆಂಡುಗಳು ಹಿಂದೆ ಹಿಂದೆ ಓಡುತ್ತಿರುತ್ತವೆ. ಫೋನು ಹಿಡಿದು ದರೆ ಹತ್ತಿದರೆ ವೈಫೈ ಕಡಿದು ಪುಟ ಸತ್ತುಹೋಗುತ್ತದೆ. ಇಳಿದು ಬಂದು ಮತ್ತೆ ಶುರು ಮಾಡಿದರೆ ಹಿಂದಿನ ಓಟಿಪಿ ಕೆಲಸಕ್ಕೆ ಬಾರದು.

"ಎಂತದೂ ಬರ್ಲಿಲ್ಲ ಕಣೇ, ಆ ಟೈಮು ಮುಗ್ದೇ ಹೋಯ್ತು" ಎಂದು ಅಪ್ಪಯ್ಯ ದರೆಯ ಮೇಲಿಂದಲೇ ಬೆಂಗಳೂರಿನಲ್ಲಿರುವ ನನಗೆ ಫೋನು ಮಾಡಿದರು. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಅಪ್ಪಯ್ಯನ ಫೋನು ಹಿಡಿದು ಅಮ್ಮ ದರೆಯ ಮೇಲೆ, ಅಮ್ಮನ ಫೋನಿನಲ್ಲಿ ಪುಟ ತೆರೆದುಕೊಂಡು ಅಪ್ಪಯ್ಯ ಜಗಲಿಯ ಮೇಲೆ. ಸಂದೇಶ ಬಂದ ಕೂಡಲೇ ಅಮ್ಮ ಒಂದೊಂದೇ ಅಂಕಿಯನ್ನು ಕೂಗಿ ಹೇಳುವುದು, ಅಪ್ಪಯ್ಯ ಒತ್ತುವುದು. ಯಾರಿಗೂ ಹೇಳಬಾರದ ಗುಟ್ಟಿನ ಸಂಖ್ಯೆಯನ್ನು ಅಂಗಳದ ಆಚೆಯಿಂದ ಕೂಗಿ ಹೇಳಬೇಕಾಗಿ ಬಂತು. ಅದನ್ನು ಕೇಳಿಸಿಕೊಳ್ಳಲು ಸುತ್ತ ಒಂದು ಹರದಾರಿಯಲ್ಲಿ ಯಾರೂ ಇಲ್ಲ ಎಂಬುದು ಬೇರೆ ಮಾತು, ಆದರೆ ಆ ವ್ಯವಸ್ಥೆಯನ್ನು ಕಟ್ಟಿದವರು ಇಂಥ ಒಂದು ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ ಎಂಬುದಂತೂ ಸ್ಪಷ್ಟ. ಅಂಕಿಗಳು ಸರಿಯಾಗಿ ಬಿದ್ದವು. ಚಕ್ರ ತಿರುಗಿತು, ತಿರುಗಿ ತಿರುಗಿ ನಿಂತಿತು. ಭದ್ರತೆಯ ಕಾರಣದಿಂದ ಪಾವತಿ ಪೂರ್ಣಗೊಳ್ಳಲಿಲ್ಲ ಎಂದು ಇಂಗ್ಲಿಷಿನಲ್ಲಿ ಬಂತು. ಕಾರ್ಡು ಸರಿ, ಗುಟ್ಟಿನ ಸಂಖ್ಯೆ ಸರಿ, ಆದರೂ ಬೇಡ.

ಆ ಸಂಜೆ ಲ್ಯಾಂಡ್‌ಲೈನಿಗೆ ಒಂದು ಕರೆ ಬಂತು. ಅಪ್ಪಯ್ಯ ಅದನ್ನು ನನಗೆ ಮಾತಿಗೆ ಮಾತು ಒಪ್ಪಿಸಿದ್ದಾರೆ. "ಸರ್, ಬ್ಯಾಂಕಿಂದ ಮಾತಾಡ್ತಿರೋದು. ಮಧ್ಯಾಹ್ನ ನಿಮ್ಮ ಕಾರ್ಡಲ್ಲಿ ಒಂದು ಟ್ರಾನ್ಸಾಕ್ಷನ್ ಪ್ರಯತ್ನ ಆಗಿದೆ. ಅದು ನೀವೇ ಮಾಡಿದ್ದಾ?" "ಹೌದು. ತಾವು ಯಾರು?" "ಬ್ಯಾಂಕಿಂದ ಸರ್. ವೆರಿಫೈ ಮಾಡಕ್ಕೆ ನಿಮ್ಮ ಹುಟ್ಟಿದ ತಾರೀಕು, ಕಾರ್ಡಿನ ಕೊನೇ ನಾಲ್ಕು ನಂಬರ್ ಹೇಳ್ತೀರಾ?" ಅಪ್ಪಯ್ಯ ಫೋನು ಇಟ್ಟರು. ಬ್ಯಾಂಕಿನ ಗೋಡೆಯ ಮೇಲೆ, ಪಾಸ್‌ಬುಕ್ಕಿನ ಹಿಂಬದಿಯಲ್ಲಿ, ಯಾರಿಗಾದರೂ ಕರೆ ಮಾಡುವಾಗ ಎದುರಾಗುತ್ತಿದ್ದ ಆ ಎಚ್ಚರಿಕೆಯ ಧ್ವನಿಯಲ್ಲಿ, ಎಲ್ಲ ಕಡೆ ಹೇಳಿರುವುದು ಇದನ್ನೇ. ಬ್ಯಾಂಕಿನವರೆಂದು ಹೇಳಿಕೊಂಡು ಯಾರಾದರೂ ವಿವರ ಕೇಳಿದರೆ ಕೊಡಬೇಡಿ. ಅವರು ಕೊಡಲಿಲ್ಲ. ಮಾರನೆಯ ದಿನ ಕಾರ್ಡು ಬ್ಲಾಕ್ ಆಗಿತ್ತು. ಆ ಕರೆ ನಿಜವಾಗಿಯೂ ಬ್ಯಾಂಕಿನದೇ ಆಗಿತ್ತೆಂದು ಆಮೇಲೆ ಶಾಖೆಯಲ್ಲಿ ತಿಳಿಯಿತು. "ಕಸ್ಟಮರ್ ಕನ್ಫರ್ಮ್ ಮಾಡಲಿಲ್ಲ" ಎಂದು ಕಂಪ್ಯೂಟರಿನಲ್ಲಿ ಬರೆದಿತ್ತು.

ಈ ಜಾಗದಲ್ಲಿ ನಾನು ಬಹಳ ಹೊತ್ತು ನಿಲ್ಲುತ್ತೇನೆ. ಏಕೆಂದರೆ ಕಳ್ಳರ ಕರೆಯೂ ಪೊಲೀಸರ ಕರೆಯೂ ಒಂದೇ ಧ್ವನಿಯಲ್ಲಿ, ಒಂದೇ ಪ್ರಶ್ನೆಯೊಂದಿಗೆ ಬಂದರೆ ಮನೆಯಲ್ಲಿರುವವರು ಯಾರಿಗೆ ಬಾಗಿಲು ತೆಗೆಯಬೇಕು? ವಂಚಕರು ಬ್ಯಾಂಕಿನ ಮಾತಿನ ಧಾಟಿಯನ್ನು ಕಲಿತಿದ್ದಾರೆ, ಅದಕ್ಕೆ ಬ್ಯಾಂಕು ಹೊಣೆಯಲ್ಲ. ಆದರೆ ಅದು ಗೊತ್ತಿದ್ದೂ ಗುರುತಿಲ್ಲದ ಸಂಖ್ಯೆಯಿಂದ ಕರೆ ಮಾಡಿ, ತನ್ನ ಗುರುತನ್ನು ತೋರಿಸದೆ, ನಮ್ಮ ಗುರುತನ್ನು ಕೇಳುವುದು ಬ್ಯಾಂಕಿನದೇ ಹೊಣೆ. ಬ್ಯಾಂಕಿನಂಥ ಸಂಸ್ಥೆಗಳ ಸೇವಾ ಕರೆಗೆಂದೇ 1600ರಿಂದ ಶುರುವಾಗುವ ಸಂಖ್ಯೆಗಳನ್ನು ಈಗ ಮೀಸಲಿಟ್ಟಿದ್ದಾರೆ. ಬ್ಯಾಂಕುಗಳ ವೆಬ್‌ಸೈಟುಗಳು ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ವಿಳಾಸಕ್ಕೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿದೆ. ಇವೆರಡೂ ನನಗೆ ಬಹಳ ಹಿಡಿಸಿದ ಕ್ರಮಗಳು. ತಪಾಸಣೆ ಎರಡೂ ಕಡೆಯಿಂದ ನಡೆಯಬೇಕು ಎಂಬ ವಿವೇಕ ಅವುಗಳಲ್ಲಿದೆ. ಆದರೆ ಅದನ್ನು ನಮ್ಮೂರ ಜನಕ್ಕೆ ಅವರ ಭಾಷೆಯಲ್ಲಿ ಕೂತು ಹೇಳಿದವರನ್ನು ನಾನಿನ್ನೂ ನೋಡಿಲ್ಲ.

ಓಟಿಪಿಯ ವಿಷಯದಲ್ಲೂ ಇಂಥದೇ ಒಂದು ಗೊಂದಲವಿದೆ. ಯಾರಿಗೂ ಹೇಳಬೇಡಿ ಎಂದು ಸಂದೇಶದಲ್ಲೇ ಬರೆದಿರುತ್ತದೆ. ಹಾಗಿರುವಾಗ ಬೆಂಗಳೂರಿನ ನಮ್ಮ ಬಾಗಿಲಿಗೆ ಪಾರ್ಸೆಲ್ ತರುವ ಹುಡುಗ "ಅಕ್ಕಾ, ಓಟಿಪಿ ಹೇಳಿ" ಎನ್ನುತ್ತಾನೆ. ಅದು ಸರಕು ತಲುಪಿದ್ದಕ್ಕೆ ಗುರುತು, ಹಣದ್ದಲ್ಲ ಎಂದು ನನಗೆ ಗೊತ್ತು. ಎದುರು ಮನೆಯ ಅಜ್ಜಿಗೆ ಗೊತ್ತಿಲ್ಲ. ಎರಡೂ ಒಂದೇ ಫೋನಿಗೆ, ಒಂದೇ ಬಗೆಯ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತವೆ. ದಿನವೂ ಬಾಗಿಲಲ್ಲಿ ಓಟಿಪಿ ಹೇಳಿ ಹೇಳಿ ರೂಢಿಯಾದ ನಾಲಿಗೆ, ಒಂದು ದಿನ "ನಿಮ್ಮ ಆರ್ಡರ್ ಕ್ಯಾನ್ಸಲ್ ಮಾಡಬೇಕು, ಒಂದು ನಂಬರ್ ಬಂದಿರುತ್ತೆ ಹೇಳಿ ಅಮ್ಮಾ" ಎಂಬ ಕರೆಗೂ ಹೇಳಿಬಿಡುತ್ತದೆ. ಕಳೆದುಕೊಂಡ ಮೇಲೆ ಎಲ್ಲರೂ ಆಕೆಯನ್ನೇ ಬೈಯುತ್ತಾರೆ. ಆ ರೂಢಿಯನ್ನು ಮಾಡಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ತಪಾಸಣೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಮೊದಲು ಕಾರ್ಡಿನ ಮೇಲಿರುವ ಸಂಖ್ಯೆ, ಮುಗಿಯುವ ತಿಂಗಳು, ಹಿಂದಿನ ಮೂರಂಕಿ, ಇಷ್ಟು ಗೊತ್ತಿದ್ದರೆ ಯಾರು ಬೇಕಾದರೂ ಕೊಳ್ಳಬಹುದಿತ್ತು. ಹೋಟೆಲಿನಲ್ಲಿ ಬಿಲ್ಲಿಗೆಂದು ಕಾರ್ಡು ಒಳಗೆ ಹೋಗಿ ಬರುವಷ್ಟರಲ್ಲಿ ಇವೆಲ್ಲವನ್ನೂ ಬರೆದುಕೊಳ್ಳಬಹುದಿತ್ತು. 2009ರ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತು ಕಡ್ಡಾಯ ಎಂದು ರಿಸರ್ವ್ ಬ್ಯಾಂಕ್ ಮಾಡಿತು. ಅಮೆರಿಕದಲ್ಲಿ ಇವತ್ತಿಗೂ ಹೆಚ್ಚಿನ ಅಂಗಡಿಗಳು ಅದಿಲ್ಲದೆ ಕಾರ್ಡು ತೆಗೆದುಕೊಳ್ಳುತ್ತವೆ. ವ್ಯಾಪಾರ ಕುಂದುತ್ತದೆ ಎಂಬ ಗೊಣಗಾಟದ ನಡುವೆ ಅಷ್ಟು ಬೇಗ ಆ ನಿರ್ಧಾರಕ್ಕೆ ಬಂದದ್ದು ನಮ್ಮ ಜನರ ದುಡ್ಡನ್ನು ಉಳಿಸಿದೆ. 2022ರ ಅಕ್ಟೋಬರ್ 1ರಿಂದ ಅಂಗಡಿಗಳು ನಮ್ಮ ಕಾರ್ಡಿನ ಸಂಖ್ಯೆಯನ್ನೇ ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಒಂದು ಟೋಕನ್ ಇಟ್ಟುಕೊಳ್ಳಬೇಕು. ಅಂಗಡಿಯ ಕಡತ ಕಳುವಾದರೂ ನಮ್ಮ ಕಾರ್ಡು ಸುರಕ್ಷಿತ. ಇವನ್ನೆಲ್ಲ ನಾನು ಮನಸಾರೆ ಒಪ್ಪುತ್ತೇನೆ. ಇವು ಗೊತ್ತಿರುವ ಬಾಗಿಲುಗಳು. ಬೀಗ ಎಲ್ಲಿದೆ, ಕೀಲಿ ಯಾವುದು ಎಂದು ನಮಗೆ ಹೇಳಿದ್ದಾರೆ.

ಅಪ್ಪಯ್ಯನನ್ನು ತಡೆದದ್ದು ಅಂಥ ಬಾಗಿಲಲ್ಲ. ಕೀಲಿ ಸರಿಯಾಗಿ ತಿರುಗಿದ ಮೇಲೂ ಹಿಂದೆ ಇನ್ನೊಂದು ಯಂತ್ರ ಕೂತಿರುತ್ತದೆ. ಮೊತ್ತ ಎಷ್ಟು, ಈ ಖಾತೆ ಹಿಂದೆ ಇಂಥದನ್ನು ಕೊಂಡಿದೆಯೇ, ಫೋನು ಹೊಸದೇ, ಸ್ವಲ್ಪ ಹೊತ್ತಿನಲ್ಲಿ ಎಷ್ಟು ಸಲ ಯತ್ನಿಸಿದ್ದಾರೆ, ವಿಳಾಸಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬುದನ್ನೆಲ್ಲ ಕ್ಷಣದಲ್ಲಿ ಕೂಡಿಸಿ ಒಂದು ಅಂಕ ಕೊಡುತ್ತದೆ. ಅಂಕ ಗೆರೆ ದಾಟಿದರೆ ಮುಗಿಯಿತು. ಬ್ಯಾಂಕಿಗೊಂದು ಇಂಥ ಯಂತ್ರ, ನಡುವಿನ ಪೇಮೆಂಟ್ ಗೇಟ್‌ವೇಗೊಂದು, ದೊಡ್ಡ ಅಂಗಡಿಯಾದರೆ ಅದಕ್ಕೆ ಇನ್ನೊಂದು. ಯಾವುದು ತಡೆಯಿತೆಂದು ನಮಗೆ ತಿಳಿಯುವುದಿಲ್ಲ. ಅಪ್ಪಯ್ಯನನ್ನು ಆ ಯಂತ್ರದ ಕಣ್ಣಿನಿಂದ ನೋಡಿ. ಜನ್ಮದಲ್ಲಿ ಆನ್‌ಲೈನ್‌ನಲ್ಲಿ ಏನೂ ಕೊಳ್ಳದ ಹಳೆಯ ಖಾತೆ, ನಿನ್ನೆ ಮೊನ್ನೆ ತೆರೆಸಿಕೊಂಡ ಸೌಲಭ್ಯ, ಬೇರೆಯವರ ಫೋನಿನಿಂದ ತೆರೆದ ಪುಟ, ಸಿಗ್ನಲ್ಲಿಲ್ಲದೆ ತಪ್ಪಿಹೋದ ಓಟಿಪಿಗಳ ಸಾಲು, ಮೊದಲ ಖರೀದಿಯೇ ಹತ್ತಾರು ಸಾವಿರದ್ದು. ಕಳ್ಳರ ಲಕ್ಷಣವೆಂದು ಯಂತ್ರಕ್ಕೆ ಕಲಿಸಿಕೊಟ್ಟ ಪ್ರತಿಯೊಂದೂ ಕಣಿವೆಯ ಮನೆಯಲ್ಲಿರುವ ಪ್ರಾಮಾಣಿಕ ಮುದುಕರೊಬ್ಬರ ಸಹಜ ಸ್ಥಿತಿ. ದಿನಕ್ಕೆರಡು ಸಲ ಏನಾದರೊಂದು ತರಿಸುವ ಪೇಟೆಯವರಿಗೆ ಈ ಯಂತ್ರ ಬಾಗಿಲು ತೆರೆದೇ ಇಟ್ಟಿರುತ್ತದೆ, ಏಕೆಂದರೆ ಅವರ ನಡೆಯನ್ನು ಅದು ಕಂಡಿದೆ. ಅಪರೂಪಕ್ಕೊಮ್ಮೆ, ನಿಜವಾದ ಅಗತ್ಯಕ್ಕೆ, ಕೂಡಿಟ್ಟ ದುಡ್ಡಿನಿಂದ ಕೊಳ್ಳಲು ಬಂದವರನ್ನು ಅದು ತಡೆಯುತ್ತದೆ. ನನಗೆ ಅತ್ಯಂತ ನೋವು ಕೊಡುವ ಸಂಗತಿ ಇದೇ.

ವಿಳಾಸದ ಮಾತು ಬಂದಾಗ ನನ್ನ ಚಿಕ್ಕಪ್ಪನ ಮಗನನ್ನು ನೆನೆಯಬೇಕು. ಅವನಿರುವುದು ನ್ಯೂಜೆರ್ಸಿಯಲ್ಲಿ. ಅಲ್ಲಿಯ ಅಂಗಡಿಗಳು ಓಟಿಪಿಯ ಬದಲು ವಿಳಾಸ ತಾಳೆ ನೋಡುತ್ತವೆ. ಮನೆಯ ನಂಬರು, ಅಂಚೆಯ ಜಿಪ್ ಕೋಡು, ಈ ಅಂಕಿಗಳು ಬ್ಯಾಂಕಿನಲ್ಲಿರುವ ಅಂಕಿಗಳಿಗೆ ಹೊಂದಿದರೆ ಸರಿ. ಅಮೆರಿಕ, ಕೆನಡಾ, ಬ್ರಿಟನ್ನಿನ ಕಾರ್ಡುಗಳಿಗೆ ಇದು ನಡೆಯುತ್ತದೆ. ನಮ್ಮ ಮನೆಗೆ ನಂಬರಿಲ್ಲ. ಮನೆತನದ ಹೆಸರು, ಊರು, ಅಂಚೆ, ತಾಲ್ಲೂಕು, ಪಿನ್‌ಕೋಡು ಬರೆದರೆ ಪೋಸ್ಟ್‌ಮ್ಯಾನ್ ಕಣ್ಣು ಮುಚ್ಚಿ ತಂದುಕೊಡುತ್ತಾರೆ. 1972ರ ಆಗಸ್ಟ್ 15ರಂದು ಪಿನ್‌ಕೋಡು ಬರುವುದಕ್ಕೂ ಮುಂಚೆ ತಂದುಕೊಡುತ್ತಿದ್ದರು. ಚಿಕ್ಕಪ್ಪನ ಮಗ ತನ್ನ ತಾಯಿಗೆಂದು ಬಿಪಿ ನೋಡುವ ಯಂತ್ರವನ್ನು ಇಲ್ಲಿಯ ಒಂದು ಅಂಗಡಿಯಿಂದ ಕಳಿಸಲು ನೋಡಿದ. ಕಾರ್ಡು ಅಮೆರಿಕದ್ದು, ಸರಕು ಹೋಗುವುದು ಶಿವಮೊಗ್ಗ ಜಿಲ್ಲೆಗೆ, ಆರ್ಡರು ಬಂದದ್ದು ನಮ್ಮ ನಡುರಾತ್ರಿಯಲ್ಲಿ. ರದ್ದಾಯಿತು. ಮಗ ತಾಯಿಗೆ ಕಳಿಸುವ ವಸ್ತುವಿಗೂ ಕದ್ದ ಕಾರ್ಡಿನ ಖರೀದಿಗೂ ಕಾಗದದ ಮೇಲೆ ವ್ಯತ್ಯಾಸವೇ ಕಾಣುವುದಿಲ್ಲ. ಕೊನೆಗೆ ಆ ಯಂತ್ರವನ್ನು ನಾನು ತರಿಸಿಕೊಟ್ಟೆ. ಬೆಂಗಳೂರಿನಲ್ಲಿ ಬಂಧುಗಳಿಲ್ಲದವರು ಏನು ಮಾಡುತ್ತಾರೋ.

ಹೆಸರಿನ ಪಾಡೂ ಹಾಗೇ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಡಬ್ಬಿಗಳು. ಊರಿನ ಅಕ್ಷರ, ತಂದೆಯ ಅಕ್ಷರ, ಆಮೇಲೆ ಹೆಸರು ಎಂದು ಬರೆದುಕೊಂಡು ಬಂದ ನಮ್ಮ ಹಿರಿಯರು ಕೊನೆಯ ಹೆಸರಿಗೆ ಏನು ತುಂಬಬೇಕು? ಬ್ಯಾಂಕಿನಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ, ಪ್ಯಾನ್ ಕಾರ್ಡಿನಲ್ಲಿ ಅಕ್ಷರವನ್ನು ಬಿಡಿಸಿ ಬರೆದ ಮೂರನೆಯ ರೀತಿ. ತಾಳೆಯಾಗದ ಹೆಸರು ಅನುಮಾನದ ಲೆಕ್ಕಕ್ಕೆ ಇನ್ನೊಂದು ಅಂಕ ಸೇರಿಸುತ್ತದೆ. ಇನ್ನು ನೀವು ಮನುಷ್ಯರೇ ಎಂದು ತೋರಿಸಿ ಎನ್ನುವ ಆ ಚಿತ್ರಗಳ ಚೌಕಗಳು. ಬೆಂಕಿ ನಂದಿಸಲು ನೀರು ಕೊಡುವ ಅಮೆರಿಕದ ರಸ್ತೆ ಬದಿಯ ಗಿಡ್ಡ ಕೊಳಾಯಿಯನ್ನು ಅಪ್ಪಯ್ಯ ಜೀವಮಾನದಲ್ಲಿ ನೋಡಿಲ್ಲ. ಅದಿರುವ ಚೌಕಗಳನ್ನೆಲ್ಲ ಒತ್ತಿ ಎಂದರೆ ಅವರು ಯಾವುದನ್ನು ಒತ್ತಬೇಕು?

ಇಷ್ಟು ಬಿಗಿಯಾದ ಕಾವಲಿನ ನಡುವೆಯೂ ವಂಚನೆ ನಿಂತಿದೆಯೇ? ನಿಂತಿಲ್ಲ. ಪೊಲೀಸ್ ವೇಷ ಹಾಕಿಕೊಂಡು ವಿಡಿಯೊ ಕರೆ ಮಾಡಿ, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ ಎಂದು ಹೆದರಿಸಿ, ದಿನಗಟ್ಟಲೆ ಮನೆಯಲ್ಲೇ ಕೂಡಿಹಾಕಿ ಲಕ್ಷ ಕೋಟಿಗಳನ್ನು ದೋಚುವ "ಡಿಜಿಟಲ್ ಅರೆಸ್ಟ್" ಬಗ್ಗೆ ಪ್ರಧಾನಿಯೇ 2024ರ ಅಕ್ಟೋಬರ್‌ನ ಮನ್ ಕೀ ಬಾತ್‌ನಲ್ಲಿ ಎಚ್ಚರಿಸಬೇಕಾಯಿತು. ಅಲ್ಲಿ ಹಣ ಹೋಗುವುದು ಎಲ್ಲ ತಪಾಸಣೆಯನ್ನೂ ದಾಟಿಯೇ. ಕಾರ್ಡು ಅವರದೇ, ಫೋನು ಅವರದೇ, ಓಟಿಪಿ ಒತ್ತಿದ್ದೂ ಅವರೇ. ಎಷ್ಟೋ ಸಲ ಅವರೇ ಶಾಖೆಗೆ ಹೋಗಿ ಠೇವಣಿ ಮುರಿಸಿ ಆರ್‌ಟಿಜಿಎಸ್ ಮಾಡುತ್ತಾರೆ. ನಿವೃತ್ತರೊಬ್ಬರ ಉಳಿತಾಯವೆಲ್ಲ ಗುರುತಿಲ್ಲದ ಖಾತೆಗೆ ಹರಿದುಹೋಗುವಾಗ ಸದ್ದು ಮಾಡದ ಯಂತ್ರ ದೋಟಿಯ ಆರ್ಡರಿಗೆ ಎದ್ದು ನಿಂತಿತು. ವಂಚಕರು ಯಂತ್ರಕ್ಕೆ ಮೋಸ ಮಾಡುವ ಗೊಡವೆಗೇ ಹೋಗುವುದಿಲ್ಲ, ಮನುಷ್ಯರ ಭಯಕ್ಕೆ ಕೈ ಹಾಕುತ್ತಾರೆ. ಅಲ್ಲಿ ಬೇಕಾದದ್ದು ಶಾಖೆಯ ಕೌಂಟರಿನಲ್ಲಿ "ಯಾಕೆ ಸರ್ ಇಷ್ಟು ದೊಡ್ಡ ಮೊತ್ತ? ಯಾರಾದ್ರೂ ಹೆದರಿಸ್ತಿದ್ದಾರಾ?" ಎಂದು ಕೇಳುವ ಒಬ್ಬರು ಗುಮಾಸ್ತರು. ಹಾಗೆ ಕೇಳಿ ಉಳಿಸಿದವರೂ ಇದ್ದಾರೆ, ಅವರಿಗೆ ಕೈಮುಗಿಯಬೇಕು.

ಜನರ ಪರವಾದ ನಿಯಮಗಳು ಇಲ್ಲವೆಂದಲ್ಲ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಗ್ರಾಹಕರದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಬೇರೆಲ್ಲೋ ಸೋರಿ ಹಣ ಹೋಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಪೈಸೆಯ ನಷ್ಟವೂ ತಟ್ಟಬಾರದು. ಗ್ರಾಹಕರದೇ ತಪ್ಪು ಎಂದರೆ ಅದನ್ನು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. 2019ರ ಸೆಪ್ಟೆಂಬರ್‌ನ ಇನ್ನೊಂದು ಸುತ್ತೋಲೆ, ಕಾರ್ಡಿನಿಂದ ಹಣ ಕಡಿತವಾಗಿ ಅಂಗಡಿಗೆ ತಲುಪದಿದ್ದರೆ ಐದು ದಿನದೊಳಗೆ ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದೂ ನಾವು ಕೇಳದೆಯೇ, ಎನ್ನುತ್ತದೆ. ವಂಚನೆಯಾದ ಕೂಡಲೇ ಕರೆ ಮಾಡಲು 1930 ಇದೆ. ಹಣ ಕಳೆದುಕೊಂಡವರಿಗೆ ಇಷ್ಟು ದಾರಿಗಳಿರುವುದು ದೊಡ್ಡ ವಿಷಯ. ಆದರೆ ತನ್ನದೇ ಹಣದಿಂದ ಕೊಳ್ಳಲಾಗದೆ ನಿಂತವರಿಗೆ? ಕಾರಣವಿಲ್ಲದೆ ತಡೆದರೆ ಇಷ್ಟು ಹೊತ್ತಿನೊಳಗೆ ಕಾರಣ ಹೇಳಬೇಕು ಎಂಬ ಸಾಲನ್ನು ಈ ಸುತ್ತೋಲೆಗಳಲ್ಲಿ ನಾನು ಓದಿಲ್ಲ. ಹೋದ ಹಣಕ್ಕೆ ಲೆಕ್ಕವಿದೆ, ಹೋದ ಹೊತ್ತಿಗೆ ಲೆಕ್ಕವಿಲ್ಲ.

ಅಡಿಕೆಯವರಿಗೆ ಆ ಹೊತ್ತೇ ದುಡ್ಡು. ಬ್ಲಾಕ್ ತೆಗೆಸಲು ಶಾಖೆಗೆ ಹೋದರೆ ಕಾಲ್ ಸೆಂಟರಿಗೆ ಮಾಡಿ ಎಂದರು. ಕಾಲ್ ಸೆಂಟರಿನವರು ನೋಂದಾಯಿತ ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ ಎಂದರು. ಮತ್ತೆ ದರೆ. ಕೊನೆಗೆ ಶಾಖೆಯ ಒಬ್ಬ ಹುಡುಗಿ, ಬಂದು ಇನ್ನೂ ವರ್ಷವಾಗಿರದವರು, ಅಪ್ಪಯ್ಯನನ್ನು ಕೂರಿಸಿಕೊಂಡು ಎಲ್ಲ ಕೇಳಿ, "ಅಜ್ಜಾ, ಕಾರ್ಡು ಬಿಟ್ಬಿಡಿ, ಇಲ್ಲಿಂದ್ಲೇ ಅವರ ಖಾತೆಗೆ ಎನ್‌ಇಎಫ್‌ಟಿ ಮಾಡೋಣ. ಅಂಗಡಿಯವರ ಜಿಎಸ್‌ಟಿ ಬಿಲ್ಲು ತರಿಸಿ" ಎಂದರು. ಬಿಲ್ಲು ನೋಡಿ, ಮಾರುವವರಿಗೆ ತಾವೇ ಫೋನು ಮಾಡಿ ವಿಚಾರಿಸಿ, ಹಣ ಕಳಿಸಿದರು. ವಂಚನೆಯ ತಪಾಸಣೆ ಎಂದರೆ ಇದೇ. ಅನುಮಾನವನ್ನು ಬಾಯಿಬಿಟ್ಟು ಹೇಳಿದರು, ಅದನ್ನು ಪರಿಹರಿಸುವ ದಾರಿ ತೋರಿಸಿದರು, ಪರಿಹಾರವಾದ ಮೇಲೆ ಬಿಟ್ಟರು. ಯಂತ್ರ ಮಾಡಬೇಕಿದ್ದದ್ದೂ ಇಷ್ಟೇ. ದೋಟಿ ಬರುವಷ್ಟರಲ್ಲಿ ಮೃಗಶಿರಾ ಹಿಡಿದುಕೊಂಡಿತ್ತು. ಹೊಳವು ಸಿಕ್ಕಾಗಲೆಲ್ಲ ಒಂದೊಂದು ಸಾಲು ಹೊಡೆಯುತ್ತ ಹೋದರು. ಔಷಧಿ ತಾಗದ ಹೊಳೆಬದಿಯ ಮರಗಳಿಂದ ಆಷಾಢದಲ್ಲಿ ಕೊಳೆತ ಕಾಯಿ ಉದುರಿತು. ಅದನ್ನು ಯಾವ ಬ್ಯಾಂಕಿನ ಲೆಕ್ಕಕ್ಕೂ ಹಚ್ಚಲಾಗುವುದಿಲ್ಲ.

ಓಟಿಪಿಯ ಎಸ್‌ಎಂಎಸ್ ಒಂದನ್ನೇ ನೆಚ್ಚದೆ ಬೇರೆ ಗುರುತುಗಳಿಗೂ ಅವಕಾಶ ಕೊಡುವ ನಿರ್ದೇಶನವನ್ನು 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದೆ, 2026ರ ಏಪ್ರಿಲ್ 1 ಅದರ ಜಾರಿಯ ದಿನ. ಬೆರಳಚ್ಚು, ಮುಖ, ಆ್ಯಪಿನಲ್ಲೇ ಮೂಡುವ ಸಂಖ್ಯೆ, ಇವು ವೈಫೈನಲ್ಲಿ ಕೆಲಸ ಮಾಡುತ್ತವೆ. ನಮ್ಮ ದರೆಯ ಸಮಸ್ಯೆ ಇದರಿಂದ ನೀಗಬಹುದೆಂದು ನಿಜವಾಗಿ ಆಸೆ ಇಟ್ಟುಕೊಂಡಿದ್ದೇನೆ. ಆದರೆ ಗ್ರಾಹಕರ ಜಾಗ, ನಡವಳಿಕೆ, ಫೋನು, ಹಿಂದಿನ ವ್ಯವಹಾರ ನೋಡಿ ಅಪಾಯ ಅಳೆಯಬಹುದು ಎಂದೂ ಅದರಲ್ಲಿದೆ. ಅಪ್ಪಯ್ಯನನ್ನು ತಡೆದದ್ದು ಆ ಅಳತೆಯೇ. ಅಳೆಯಲಿ, ಬೇಡವೆನ್ನುವುದಿಲ್ಲ. ಅಳೆದು ತಡೆದಾಗ ಪರದೆಯ ಮೇಲೆ ಇಷ್ಟು ಬರಲಿ: "ಈ ಖರೀದಿ ನಿಮ್ಮ ಖಾತೆಯ ಎಂದಿನ ರೀತಿಗಿಂತ ಬೇರೆಯಾಗಿರುವುದರಿಂದ ನಿಲ್ಲಿಸಿದ್ದೇವೆ. ಹಣ ಕಡಿತವಾಗಿಲ್ಲ. ಇದು ನೀವೇ ಮಾಡಿದ್ದಾದರೆ ನಿಮ್ಮ ಶಾಖೆಗೆ ಬನ್ನಿ, ಅಥವಾ ನಿಮ್ಮ ಕಾರ್ಡಿನ ಹಿಂದಿರುವ ಸಂಖ್ಯೆಗೆ ನೀವೇ ಕರೆ ಮಾಡಿ." ಕನ್ನಡದಲ್ಲಿ ಬರಲಿ. ಕಳ್ಳರಿಗೆ ಇದರಿಂದ ಯಾವ ಗುಟ್ಟೂ ಸಿಗುವುದಿಲ್ಲ. ನಮಗೆ ನಮ್ಮ ಮರ್ಯಾದೆ ಸಿಗುತ್ತದೆ.

ಇದನ್ನೇ ಬ್ಯಾಂಕಿಗೆ ಅಪ್ಪಯ್ಯನ ಸಹಿಯಲ್ಲಿ ಬರೆದು ಕಳಿಸಿದ್ದೆವು. ಆಂತರಿಕ ನೀತಿಯ ಕಾರಣ ವಿವರ ಕೊಡಲಾಗದು ಎಂದು ಉತ್ತರ ಬಂತು. ಬ್ಯಾಂಕಿನ ಉತ್ತರ ತೃಪ್ತಿ ಕೊಡದಿದ್ದರೆ, ಅಥವಾ 30 ದಿನದೊಳಗೆ ಉತ್ತರವೇ ಬಾರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ದೂರನ್ನು ಅಂಚೆಯಲ್ಲೂ ಕಳಿಸಬಹುದು. ಅಪ್ಪಯ್ಯ ಅಂಚೆಯಲ್ಲೇ ಕಳಿಸುತ್ತೇನೆಂದಿದ್ದಾರೆ. ಕರಡು ನನ್ನ ಮೇಜಿನ ಮೇಲಿದೆ, ಶಾಖೆಯ ಆ ಹುಡುಗಿ ನಡೆದುಕೊಂಡ ರೀತಿಯನ್ನು ವಿವರವಾಗಿ ಬರೆಯಬೇಕು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ವಾಪಸ್ಸು ಕಳಿಸಿದ್ದಾರೆ.